ಟಿವಿಗೆ ನೀವಾಳಿಸಿದ ಲಿಂಬೆಹಣ್ಣು

ಗುಡುಗುಡುಗುಡು ಎಂದು ಲಿಂಬೆ ಉರುಳಿದಾಗ ಬಿಬಿಜಾನಳ ದಿನ ಶುರುವಾಗುತ್ತಿತ್ತು. ಹಮಾಲರು ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಸುರುವಿದರೆ ಮೊದಲು ದೂರದ ಗುಡುಗಿನಂಥ ಒಂದು ಸದ್ದು. ಅದು ಮುಗಿದ ಮೇಲೆ ರಾಶಿಯ ನೆತ್ತಿಯಿಂದ ಹಿಂದುಳಿದ ಹಣ್ಣುಗಳು ಒಂದೊಂದಾಗಿ ಇಳಿಯುವ ಟುಪ್, ಟುಪ್. ಕೊನೆಯ ಹಣ್ಣು ಎಲ್ಲೋ ಒಂದು ಕಡೆ ನಿಂತಿತು ಅನ್ನಿಸುವವರೆಗೂ ಅವಳು ರಾಶಿಗೆ ಕೈ ಹಾಕುತ್ತಿರಲಿಲ್ಲ.

ಪಕ್ಕದಲ್ಲಿ ಕೂತು ಲಿಂಬೆ ಆರಿಸುವ ಹೊನ್ನವ್ವ ಅದಕ್ಕೆ ನಗುತ್ತಿದ್ದಳು. "ಏನ ಬೀಬಿ, ಲಿಂಬಿಕಾಯಿಗೂ ದಣಿವು ಆರಿಸ್ಕೊಳ್ಳಾಕ ಬಿಡ್ತಿ?"

"ಇರಲಿ ಬಿಡ ಯವ್ವಾ. ಗಿಡದಿಂದ ಇಳದಾಗಿಂದ ಉಳ್ಳ್ಯಾಡಾಕತ್ತಾವ ಅವು."

ಇಂಡಿ ಪಟ್ಟಣದ ಮಾರುಕಟ್ಟೆಯಲ್ಲಿ ಪರಪ್ಪ ಸಾವಕಾರರ ಅಡತಿ ದಲಾಲಿಯ ಅಂಗಡಿಗೆ ಅವಳು ಕೆಲಸಕ್ಕೆ ಸೇರಿದಾಗ ಮಗಳು ಜಾಸ್ಮಿನ ತೊಟ್ಟಿಲಲ್ಲಿದ್ದಳು. ದಪ್ಪ ಹಣ್ಣು ಒಂದು ಬುಟ್ಟಿಗೆ, ನಡುವಿನದು ಇನ್ನೊಂದಕ್ಕೆ, ಸಣ್ಣದು ಮತ್ತು ಮಚ್ಚೆ ಬಿದ್ದದ್ದು ಬೇರೆ. ಇಷ್ಟು ವರ್ಷಗಳಲ್ಲಿ ಆ ಕೆಲಸಕ್ಕೆ ಕಣ್ಣು ಬೇಡವಾಗಿತ್ತು. ಬೆರಳುಗಳೇ ಆರಿಸಿ ಹಾಕುತ್ತಿದ್ದವು. ಬಿಡುವಾದ ಕಣ್ಣುಗಳಿಗೆ ಮೊದಲೆಲ್ಲ ಎದುರಿನ ತಗಡಿನ ಗೋಡೆಯೇ ಗತಿ. ಸಾವಕಾರರು ಆ ಗೋಡೆಗೆ ಒಂದು ಟಿವಿ ತೂಗುಹಾಕಿದ ಮೇಲೆ ಉಳಿದ ಹೆಂಗಸರಿಗೆ ಧಾರಾವಾಹಿ ಸಿಕ್ಕಿತು, ಬಿಬಿಜಾನಳಿಗೆ ಆಟ ಸಿಕ್ಕಿತು. ಕಬಡ್ಡಿ ಆಗಲಿ, ಹುಡುಗಿಯರ ಕ್ರಿಕೆಟ್ ಆಗಲಿ, ಯಾವುದೋ ದೇಶದ ಓಟವಾಗಲಿ, ಮನುಷ್ಯರು ಮೈಮರೆತು ಓಡುವುದನ್ನು ನೋಡುವುದೆಂದರೆ ಅವಳಿಗೆ ಒಂದು ಥರದ ನೆಮ್ಮದಿ. ಆದರೆ ಟಿವಿಯವರು ಆ ನೆಮ್ಮದಿಯನ್ನು ಪೂರ್ತಿಯಾಗಿ ಕೊಡುತ್ತಿರಲಿಲ್ಲ. ಚೆಂಡು ಮೇಲಕ್ಕೆ ಹೋದದ್ದೇ ತಡ, ಮೇಲೆ ಕೂತ ಯಾವುದೋ ಪಕ್ಷದ ದೊಡ್ಡ ಮನುಷ್ಯರು ಕೈ ಬೀಸುವುದನ್ನು ತೋರಿಸುತ್ತಿದ್ದರು. ಮಾತಾಡುವವನು ಆಟ ಬಿಟ್ಟು ಅವರ ಹೆಸರು, ಹುದ್ದೆ ಹೇಳುತ್ತ ಕೂರುತ್ತಿದ್ದ.

"ಅವ್ರ ಕೈ ಕಟಗೊಂಡು ನಮಗೇನ ಮಾಡೂದೈತೋ? ಚೆಂಡು ಎಲ್ಲಿ ಬಿತ್ತು ತೋರಸೋ ಮಾರಾಯಾ," ಎಂದು ಅವಳು ಟಿವಿಯನ್ನು ಬೈಯುತ್ತಿದ್ದಳು. ಅಂಗಡಿಯಲ್ಲಿ ಅವಳು ದನಿ ಏರಿಸುತ್ತಿದ್ದುದು ಟಿವಿಯ ಮೇಲೆ ಮಾತ್ರ.

ಜಾಸ್ಮಿನ ಖೋಖೋ ಆಡುತ್ತಿದ್ದಳು. ಶಾಲೆಯಲ್ಲಿದ್ದಾಗ ಶುರುವಾದದ್ದು ಪಿಯುಸಿಗೆ ಬಂದರೂ ಬಿಡಲಿಲ್ಲ. ದೊಡ್ಡವಳಾದ ಹುಡುಗಿ ಗಂಡಸರ ಮುಂದೆ ಓಡುವುದೆಂದರೇನು ಎಂದು ಬಿಬಿಜಾನಳ ಮೈದುನ ಮನೆಗೆ ಬಂದು ಕೂತು ಕೇಳಿದ್ದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಉತ್ತರ ಕೊಟ್ಟಿದ್ದಳು: "ಆಕಿ ಓಡತಾಳ. ಯಾರ ಮುಂದ ಓಡಾಕತ್ತೇನಿ ಅಂತ ನೋಡಾಕ ಆಕಿಗೆ ಪುರಸೊತ್ತು ಇರೂದಿಲ್ಲ. ನಿನಗ ಐತೇನು?" ಗಂಡ ಅಬ್ದುಲರಜಾಕ ಟೆಂಪೋ ಓಡಿಸುವವನು, ಮಾತು ಕಡಿಮೆ. ಅಂದು ತಮ್ಮನ ಮುಂದೆ ಚಹಾದ ಬಶಿಯನ್ನು ಸರಿಸಿ, "ಕುಡಿ, ಆರತೈತಿ," ಎಂದಷ್ಟೇ ಹೇಳಿದ. ಆ ವಿಷಯ ಅಲ್ಲಿಗೆ ಮುಗಿಯಿತು.

ಹೀಗೆ ಹಟ ಹಿಡಿದು ಮಗಳನ್ನು ಆಡಿಸಿದವಳು ಒಮ್ಮೆಯೂ ಆಕೆಯ ಆಟ ನೋಡಿರಲಿಲ್ಲ. ಹುಡುಗಿಯರು ಕಾಲೇಜಿನ ಮೈದಾನದಲ್ಲಿ ಬೆಳಿಗ್ಗೆ ಅಭ್ಯಾಸ ಮಾಡುವ ಹೊತ್ತಿಗೆ ಇವಳ ಮುಂದೆ ಲಿಂಬೆ ರಾಶಿ ಬಿದ್ದಿರುತ್ತಿತ್ತು. ಪಂದ್ಯಗಳೆಲ್ಲ ಹಗಲಲ್ಲಿ, ಬೇರೆ ಊರಲ್ಲಿ. ಅವಳಿಗೆ ಗೊತ್ತಿದ್ದ ಖೋಖೋ ಎಂದರೆ ಅಡುಗೆಮನೆಯ ಖೋಖೋ. ಜಾಸ್ಮಿನ ಚರಿಗೆ, ಬಟ್ಟಲುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಒಂದರ ಮುಖ ಆ ಕಡೆ ಇನ್ನೊಂದರ ಮುಖ ಈ ಕಡೆ ಎಂದು ವಿವರಿಸಿ, ಬಾಗಿಲ ಕಂಬವನ್ನು ಒಂದು ಕೈಯಲ್ಲಿ ಹಿಡಿದು ಗಿರ್ರನೆ ತಿರುಗಿ ತೋರಿಸುತ್ತಿದ್ದಳು. "ಇಲ್ಲಿ ಹಾರಿ ಬೀಳತೇನಿ ಅಮ್ಮಾ, ಓಡಾಕೀನ ಮುಟ್ಟಾಕ. ಕಂಬದ ಹಂತೇಕ. ಓಡಾಕಿಗೆ ನಾ ಎಲ್ಲಿಂದ ಬಂದ್ನಿ ಅಂತ ತಿಳಿಯೂದs ಇಲ್ಲ."

"ಹಲ್ಲು ಮುರಕೊಂಡಿ. ಬಟ್ಟಲಾ ಎತ್ತಿಡು ಮೊದಲ."

ಹೀಗೆ ಬೈದರೂ, ಮಗಳು ಹೊರಗೆ ಹೋದ ಮೇಲೆ ಆ ಕಂಬದ ಹತ್ತಿರ ನಿಂತು, ಇಲ್ಲಿಂದ ಅಲ್ಲಿಗೆ ಹೇಗೆ ಹಾರುತ್ತಾಳೆ ಎಂದು ಅವಳು ಒಬ್ಬಳೇ ನೋಡುತ್ತಿದ್ದಳು.

ಆ ಸಲ ಮುದ್ದೇಬಿಹಾಳದಲ್ಲಿ ದೊಡ್ಡ ಪಂದ್ಯಾವಳಿ ಇತ್ತು. ಆ ಕಡೆಯ ಒಬ್ಬ ಮುಖಂಡರ ಹುಟ್ಟುಹಬ್ಬಕ್ಕೆಂದು ಅವರದೇ ಹೆಸರಿನ ಕಪ್. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಇಂಡಿ ಕಾಲೇಜಿನ ಹುಡುಗಿಯರು ಕೊನೆಯ ಪಂದ್ಯಕ್ಕೆ ಬಂದರು ಎಂದು ತಿಳಿದ ದಿನ ಬಿಬಿಜಾನ ಸಾವಕಾರರ ಗದ್ದುಗೆಯ ಮುಂದೆ ನಿಂತು ಒಂದು ದಿನದ ರಜೆ ಕೇಳಿದಳು. ಬಸ್ಸಿಗೆ ಖರ್ಚೂ ಇರಲಿಲ್ಲ, ಆಧಾರ ಕಾರ್ಡು ತೋರಿಸಿದರೆ ಆಗುತ್ತಿತ್ತು. ಸಾವಕಾರರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಖಂಡೇನವಮಿ ಬಾಗಲದಾಗ ಬಂದು ನಿಂತೈತಿ. ಪೂಜಿಗೆ ಇದ್ದಬಿದ್ದ ಗಾಡಿ ಗಾಲಿಗೆಲ್ಲಾ ಲಿಂಬಿಹಣ್ಣು ಬೇಕು. ಲಾರಿ ನಿಲ್ಲಸ್ಲ್ಯಾ ಏನ್ ನಿನ್ನ ಸಲುವಾಗಿ?"

ಆಗ ಒಳಗಿನಿಂದ ಅವರ ಮಗ ಶ್ರೀಶೈಲ ಬಂದ. ಸಾಹೇಬರ ಪಕ್ಷದ ಹುಡುಗರಲ್ಲಿ ಅವನು ಮುಂದಾಳು. ಅಂಗಡಿಗಿಂತ ಹೆಚ್ಚು ಹೊತ್ತು ಫೋನಿನಲ್ಲೇ ಇರುವವನು. ಕೆಟ್ಟವನಲ್ಲ. ಹೆಂಗಸರಿಗೆ ಎರಡು ಸಲ ಚಹಾ ಕೊಡಿಸುವ ರೂಢಿ ಹಾಕಿದವನು ಅವನೇ.

"ಯಾಕ ಹೋಗ್ತಿ ಚಾಚಿ? ಆ ಬಿಸಲಾಗ, ಆ ಗದ್ದಲದಾಗ ನಿನಗೇನ ಕಾಣಸತೈತಿ? ಲೈವ್ ಐತಿ. ಇಲ್ಲೇ ಟಿವ್ಯಾಗ ಹಚ್ಚಿ ಕೊಡ್ತೇನಿ. ಜಾಸ್ಮಿನಳ ಮಾರಿ ಇಷ್ಟ ದೊಡ್ಡದು ಕಾಣತೈತಿ," ಎಂದು ಅವನು ಎರಡೂ ಕೈ ಚಾಚಿ ತೋರಿಸಿದ.

ಆ ಚಾಚಿದ ಕೈಗಳ ನಡುವಿನ ಜಾಗದಲ್ಲಿ ಬಿಬಿಜಾನ ಮಗಳ ಮುಖವನ್ನು ಇಟ್ಟು ನೋಡಿದಳು. ಒಪ್ಪಿದಳು.

ಪಂದ್ಯದ ದಿನ ಬೆಳಿಗ್ಗೆ ಜಾಸ್ಮಿನ ಫೋನು ಮಾಡಿದಳು. "ನೋಡ್ತಿ ಹೌದಿಲ್ಲೋ?"

"ನೋಡ್ತೇನಿ."

"ಆಣಿ ಮಾಡು."

"ಆಣಿ. ಹೊಟ್ಟಿ ತುಂಬ ಉಂಡೀಯಿಲ್ಲೋ?"

"ಅದು ಬಿಡs. ಕಂಬದ ಮ್ಯಾಲ ಲಕ್ಷ್ಯ ಇಡು ಅಮ್ಮಾ. ಕಂಬದ ಮ್ಯಾಲ."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಶ್ರೀಶೈಲ ಮಾತಿನಂತೆ ಟಿವಿ ಹಚ್ಚಿದ. ಪರದೆಯ ಮೇಲೆ ವೇದಿಕೆ ಬಂತು. ಶಾಲು ಬಂತು, ಹಾರ ಬಂತು, ಹಾರ ಹಾಕಿದವರಿಗೆ ಇನ್ನೊಂದು ಹಾರ ಬಂತು. ಹೆಂಗಸರು ರಾಶಿಯ ಸುತ್ತ ಕೂತು ಆರಿಸುತ್ತಲೇ ಇದ್ದರು. ಮೈಕಿನವನು ಪುಸ್ತಕದ ಕನ್ನಡದಲ್ಲಿ ಒಂದೊಂದೇ ಹೆಸರನ್ನು ಎತ್ತಿ ಇಳಿಸುತ್ತಿದ್ದ: "ಇದೀಗ ವೇದಿಕೆಯನ್ನು ಅಲಂಕರಿಸಿರುವ ಸನ್ಮಾನ್ಯರಲ್ಲಿ..."

"ಆಟ ಯಾವಾಗ ಚಾಲೂ ಆಗತೈತಿ?" ಎಂದು ಹೊನ್ನವ್ವ ಕೇಳಿದಳು.

"ಚಾಲೂ ಆಗೇತಿ ಆಯಿ. ಹಿಂದ ನೋಡು," ಎಂದ ಶ್ರೀಶೈಲ.

ನಿಜವೇ. ವೇದಿಕೆಯ ಜನರ ಭುಜಗಳ ಸಂದಿಯಲ್ಲಿ, ದೂರದಲ್ಲಿ, ಹುಡುಗಿಯರು ಓಡುತ್ತಿದ್ದರು. ಬಿಬಿಜಾನ ಕುತ್ತಿಗೆ ಓರೆ ಮಾಡಿದಳು, ಭುಜಗಳನ್ನು ಸರಿಸಲು ಬರುತ್ತದೆ ಎಂಬಂತೆ. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಮೈದಾನಕ್ಕೆ ಬಂತು. ಸಾಲಾಗಿ ಕೂತ ಹುಡುಗಿಯರು, ಥೇಟು ಅಡುಗೆಮನೆಯ ಬಟ್ಟಲುಗಳಂತೆ. ಆದರೆ ಜಾಸ್ಮಿನ ಯಾರು? ಎಲ್ಲರಿಗೂ ಹೊಸ ಅಂಗಿ ಕೊಟ್ಟಿದ್ದರು. ಎಲ್ಲರ ಬೆನ್ನಿನ ಮೇಲೂ ಸಾಹೇಬರ ನಗುವ ಮುಖ.

"ಅಯ್ಯ ನನ ಶಿವನೇ! ಎಲ್ಲಾರ ಬೆನ್ನಮ್ಯಾಲೂ ಅವನs ಕುಂತಾನಲ್ಲ. ನಿನ್ನ ಮಗಳನ್ನ ಹೆಂಗ ಹುಡುಕೂದು ಬೀಬಿ?" ಎಂದಳು ಹೊನ್ನವ್ವ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಶ್ರೀಶೈಲನೂ ನಕ್ಕ.

ಬಿಬಿಜಾನ ನಗಲಿಲ್ಲ. ಒಬ್ಬಳು ಎದ್ದಳು. ಎದ್ದ ರೀತಿಯಲ್ಲೇ ಅವಳಿಗೆ ಗೊತ್ತಾಯಿತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೂ ಜಾಸ್ಮಿನ ಹಾಗೆಯೇ ಏಳುತ್ತಿದ್ದಳು, ಯಾರೋ ಕರೆದ ಹಾಗೆ. ಆಕೆ ಓಡಿದಳು, ಬಾಗಿದಳು, ಕೈ ಚಾಚಿ ಓಡುವವಳ ಬೆನ್ನು ಮುಟ್ಟಿದಳು. ಸೀಟಿ ಕೂಗಿತು. ಆ ದಿನ ಮೊದಲ ಬಾರಿಗೆ ಕ್ಯಾಮೆರಾ ಮುಖದ ಹತ್ತಿರ ಹೋಯಿತು. ಶ್ರೀಶೈಲ ಹೇಳಿದಂತೆಯೇ, ಚಾಚಿದ ಎರಡು ಕೈಗಳಷ್ಟು ದೊಡ್ಡದಾಗಿ ಜಾಸ್ಮಿನಳ ಮುಖ ತಗಡಿನ ಗೋಡೆಯ ಮೇಲೆ ನಿಂತಿತು. ಬೆವರು. ಹಣೆಗೆ ಅಂಟಿದ ಕೂದಲು. ತುಟಿಯ ಮೇಲೆ ಮಣ್ಣು.

ಎಷ್ಟು ಮಂದಿ ನೋಡುತ್ತಿದ್ದಾರೋ ಈ ಮುಖವನ್ನು. ಎಂಥೆಂಥ ಕಣ್ಣುಗಳೋ.

ಬಿಬಿಜಾನ ಯೋಚಿಸಲಿಲ್ಲ. ರಾಶಿಯಿಂದ ಒಂದು ಹಣ್ಣು ತೆಗೆದುಕೊಂಡು ಎದ್ದು ಟಿವಿಯ ಮುಂದೆ ಹೋಗಿ ನಿಂತಳು. ಮಗಳಿಗೆ ಜ್ವರ ಬಂದಾಗ, ಪರೀಕ್ಷೆ ಪಾಸಾದಾಗ ಮನೆಯಲ್ಲಿ ಮಾಡುತ್ತಿದ್ದಂತೆ ಮಗಳ ಮುಖಕ್ಕೆ ಲಿಂಬೆಯನ್ನು ನೀವಾಳಿಸತೊಡಗಿದಳು. ನಜರ್ ತೆಗೆಯುವಾಗ ಕಣ್ಣು ಮುಚ್ಚಬೇಕು, ಮುಗಿಯುವವರೆಗೆ ತೆರೆಯಬಾರದು. ಅವಳ ಅತ್ತೆ ಕಲಿಸಿದ ಕ್ರಮ ಅದು. ನೋಡುವವಳ ಕಣ್ಣೂ ತಾಗಬಾರದಲ್ಲ. ಕಣ್ಣು ಮುಚ್ಚಿ, ಮೆಲ್ಲನೆ ದುವಾ ಹೇಳುತ್ತ ಅವಳು ಕೈಯನ್ನು ಸುತ್ತಿಸಿದಳು. ಹಿಂದೆ ಯಾರೋ ಕಿಸಕ್ಕೆಂದದ್ದು ಕೇಳಿಸಿತು. ಹೊನ್ನವ್ವ "ಏ ಬೀಬಿ, ಏ ಬೀಬಿ" ಅಂದದ್ದೂ ಕೇಳಿಸಿತು. ನಡುವೆ ನಿಲ್ಲಿಸುವಂತಿರಲಿಲ್ಲ.

ಕಣ್ಣು ತೆರೆದಾಗ ಪರದೆಯ ತುಂಬ ಸಾಹೇಬರಿದ್ದರು. ಕೈ ಮುಗಿದು ನಗುತ್ತಿದ್ದರು. ಅವಳ ಕೈಯ ಲಿಂಬೆ ಅವರ ಹಣೆಯ ನೇರಕ್ಕಿತ್ತು.

ತಿರುಗಿದಳು. ಶ್ರೀಶೈಲ ಫೋನು ಎತ್ತಿ ಹಿಡಿದಿದ್ದ. ಅವನ ಮುಖದಲ್ಲಿ ಚೇಷ್ಟೆ ಇರಲಿಲ್ಲ. ನಿಜವಾಗಿ ಮನಸ್ಸು ತುಂಬಿ ಬಂದವನಂತೆ ಕಾಣುತ್ತಿದ್ದ. "ಚಾಚಿ, ಎಂಥಾ ಮಾತ ಆತು ಇದು! ಎಂಥಾ ಮಾತ ಆತು!" ಎನ್ನುತ್ತ ಹೊರಗೆ ಹೋದ.

"ನಾ ನನ್ನ ಮಗಳಿಗೆ..." ಎಂದಳು ಬಿಬಿಜಾನ. ಕೇಳಲು ಅಲ್ಲಿ ಅವನಿರಲಿಲ್ಲ.

ಆಮೇಲೆ ಜಾಸ್ಮಿನ ಕಾಣಿಸಲಿಲ್ಲ. ಆಟದ ಕೊನೆಯ ನಿಮಿಷಗಳಲ್ಲಿ ವೇದಿಕೆಯ ಮೇಲೆ ಕೇಕು ಬಂತು. ಕ್ಯಾಮೆರಾ ಕೇಕಿನ ಮೇಲಿಂದ ಕದಲಲಿಲ್ಲ. ಮೇಣದಬತ್ತಿ ಹಚ್ಚಿದರು, ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಹಿಂದೆ ಎಲ್ಲೋ ಮೈದಾನದಿಂದ ಖೋ, ಖೋ ಎಂಬ ಕೂಗು ಬರುತ್ತಿತ್ತು. ಬಿಬಿಜಾನ ಟಿವಿಯ ಮುಂದಿನಿಂದ ಕದಲದೆ ಆ ಕೂಗಿಗೆ ಕಿವಿಗೊಟ್ಟಿದ್ದಳು. ಚಾಕು ಕೇಕಿಗೆ ಇಳಿಯಿತು. ಅದೇ ಹೊತ್ತಿಗೆ ಮೈದಾನದಲ್ಲಿ ಜನ ಒಮ್ಮೆಲೇ ಹೋ ಎಂದು ಎದ್ದ ಸದ್ದು, ಉದ್ದನೆಯ ಸೀಟಿ.

"ಏನಾತು? ಏನಾತ್ರೋ ಅಲ್ಲಿ?" ಎಂದು ಅವಳು ಟಿವಿಯನ್ನು ಕೇಳಿದಳು.

ಮೈಕಿನವನು ಹೇಳಿದ: "ಸಾಹೇಬರು ಇದೀಗ ಮೊದಲ ತುಣುಕನ್ನು ತಮ್ಮ ಅಮೃತಹಸ್ತದಿಂದ..."

ಏನಾಯಿತೆಂದು ತಿಳಿದದ್ದು ಸಂಜೆ ಮಗಳ ಫೋನಿನಿಂದ. ಜಾಸ್ಮಿನ ಏದುಸಿರಿನಲ್ಲೇ ಮಾತಾಡುತ್ತಿದ್ದಳು, ಆಟ ಇನ್ನೂ ನಡೆದಿದೆ ಎಂಬಂತೆ. "ಗೆದ್ವಿ ಅಮ್ಮಾ! ಕಡೀಕ ನಾನs ಬಿದ್ನಿ. ಕಂಬದ ಹಂತೇಕ. ನೋಡಿದಿಲ್ಲ?"

ಮುದ್ದೇಬಿಹಾಳದ ಗದ್ದಲದ ನಡುವೆ ನಿಂತ ಆ ಹುಡುಗಿಯ ಸಂತೋಷಕ್ಕೆ ಕೈ ತಾಗಿಸಲು ಬಿಬಿಜಾನಳಿಗೆ ಮನಸ್ಸಾಗಲಿಲ್ಲ.

"ನೋಡಿದೆ."

"ಖರೇ? ಎಡಕ್ಕ ಬಿದ್ನೋ, ಬಲಕ್ಕ ಬಿದ್ನೋ ಹೇಳು ನೋಡೂಣು!" ಜಾಸ್ಮಿನ ನಗುತ್ತಿದ್ದಳು. ಪರೀಕ್ಷೆಯಲ್ಲ, ಖುಷಿಯ ಪ್ರಶ್ನೆ.

"ಕಂಬದ ಕಡೆ ಬಿದ್ದಿ."

"ಅದ ಖರೆ. ಯಾವ ಕಡೆ?"

ಅಡುಗೆಮನೆಯ ಬಾಗಿಲ ಕಂಬ ಎದುರಿಗೇ ಇತ್ತು. ಬಿಬಿಜಾನ ಅದನ್ನು ನೋಡಿದಳು. ಅಲ್ಲಿ ಜಾಸ್ಮಿನ ಎರಡೂ ಕಡೆ ಬೀಳುತ್ತಿದ್ದಳು.

"ಬಲಕ್ಕ," ಎಂದಳು.

ಆ ಕಡೆ ಉಸಿರು ನಿಧಾನವಾಯಿತು. "ಹೂಂ," ಎಂದಳು ಜಾಸ್ಮಿನ. "ಬಸ್ ಹೊಂಟತ ಅಮ್ಮಾ. ಇಡ್ತೇನಿ."

ಆಕೆ ಮನೆಗೆ ಬಂದು ಮುಟ್ಟುವ ಮೊದಲೇ ವಿಡಿಯೋ ಬಂದು ಮುಟ್ಟಿತ್ತು. ಬಿಬಿಜಾನಳ ಬೆನ್ನು, ಸುತ್ತುವ ಕೈ, ಪರದೆಯ ತುಂಬ ಸಾಹೇಬರ ಮುಖ. ಹಿಂದೆ ವಾದ್ಯ. ಕೆಳಗೆ ಅಕ್ಷರಗಳು: ಎಲ್ಲ ಸಮಾಜದ ತಾಯಂದಿರ ಹಾರೈಕೆ ಸಾಹೇಬರಿಗೆ. ಮೊದಲಿದ್ದ ಜಾಸ್ಮಿನಳ ಮುಖವನ್ನು ಕತ್ತರಿಸಿ ತೆಗೆದಿದ್ದರು. ಜಾಸ್ಮಿನ ಅದನ್ನು ಬಸ್ಸಿನಲ್ಲೇ ನೋಡಿದ್ದಳು. ತಂಡದ ಹುಡುಗಿಯರು ಒಬ್ಬರ ಫೋನಿನಿಂದ ಒಬ್ಬರಿಗೆ ದಾಟಿಸಿ ತೋರಿಸಿದ್ದರು. ಮನೆಗೆ ಬಂದವಳು ಗೆದ್ದ ಕಪ್ ಇದ್ದ ಚೀಲವನ್ನು ಮೂಲೆಗೆ ಇಟ್ಟು ಕೈಕಾಲು ತೊಳೆದಳು.

"ನಿನ್ನ ಮಾರಿ ಬಂದಿತ್ತು," ಎಂದಳು ಬಿಬಿಜಾನ. "ನಿನಗಂತs ಎದ್ದೆ ನಾ. ಕಣ್ಣ ಮುಚ್ಚಿದ್ದೆ."

"ಗೊತ್ತೈತಿ ಅಮ್ಮಾ."

"ಖರೇನ ಗೊತ್ತೈತಿ?"

"ನಾ ಎಡಕ್ಕ ಬಿದ್ದಿದ್ನಿ," ಎಂದಳು ಜಾಸ್ಮಿನ. ತಟ್ಟೆ ತಾನೇ ಹಾಕಿಕೊಂಡು ಉಂಡಳು. ಆ ದಿನ ಬಟ್ಟಲುಗಳು ನೆಲಕ್ಕೆ ಇಳಿಯಲಿಲ್ಲ.

ಮರುದಿನ ಅಬ್ದುಲರಜಾಕನ ಟೆಂಪೋ ಹತ್ತಿದವರೆಲ್ಲ ಅವನಿಗೆ ಅವನ ಹೆಂಡತಿಯ ವಿಡಿಯೋ ತೋರಿಸಿದರು. ಕೆಲವರು ಬೆನ್ನು ತಟ್ಟಿದರು, ಕೆಲವರು ಬೇರೆ ಟೆಂಪೋ ಹುಡುಕಿಕೊಂಡರು. ಸಂಜೆ ಓಣಿಯ ಹಿರಿಯ ಜುಲ್ಫಿಕರ ಮನೆಗೆ ಬಂದ. ಅವನು ಇನ್ನೊಂದು ಪಕ್ಷದ ಕಡೆಯವನು.

"ನಾವ ವರ್ಷಗಟ್ಟಲೆ ತಿರಗಿ ಕೂಡಿಸಿದ ಓಟು ನೀ ಒಂದ ಲಿಂಬಿಕಾಯಾಗ ಕೆಡಿಸಿದಿ ನೋಡವಾ."

"ನಾ ಓಟಿನ ಮಾತs ಆಡಿಲ್ಲ ಭಾಯಿ. ನಮ್ಮ ಹುಡುಗಿ ಆಟ..."

"ಅದs ಹೇಳು! ಇಲ್ಲೇ ಹೇಳು, ನಾ ಮೊಬೈಲಾಗ ಹಿಡಕೋತೇನಿ. ಆ ಸಾಹೇಬಗೆ ನಜರ್ ತಗದಿಲ್ಲ, ಆತನ ಮಾರಿ ಕಂಡ್ರ ಆಗೂದಿಲ್ಲ ಅನ್ನು. ಸಾಕು."

"ಮಾರಿ ಕಂಡ್ರ ಆಗೂದಿಲ್ಲ ಅಂತ ನಾ ಯಾಕ ಅನ್ನಲಿ? ಆಟದ ನಡುವ ಕಂಡ್ರ ಆಗೂದಿಲ್ಲ."

"ಎರಡೂ ಒಂದs," ಎಂದ ಜುಲ್ಫಿಕರ. ಅವನ ಫೋನು ಆಗಲೇ ಮೇಲೆದ್ದಿತ್ತು. ಬಿಬಿಜಾನ ಸೆರಗನ್ನು ಮುಖಕ್ಕೆ ಎಳೆದುಕೊಂಡು ಒಳಗೆ ಹೋದಳು. ಎಲ್ಲರಿಗೂ ಅವಳ ಮುಖ ಬೇಕಾಗಿತ್ತು. ಮಗಳು ಹೇಗೆ ಆಡಿದಳು ಎಂದು ಇಷ್ಟು ಮಂದಿಯಲ್ಲಿ ಒಬ್ಬರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳಲು ಅವಳ ಹತ್ತಿರವೂ ಏನೂ ಇರಲಿಲ್ಲ.

ಅದಾದ ಮಾರನೆಯ ಬೆಳಿಗ್ಗೆ ಹಮಾಲರು ಚೀಲ ಹೊತ್ತು ತರುತ್ತಿದ್ದಾಗ ಶ್ರೀಶೈಲ ಬಂದ. ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ ಯುವಕ. ಮುದ್ದೇಬಿಹಾಳದ ಪಂದ್ಯ ತೋರಿಸಿದವನು ಅವನೇ. ಗದ್ದುಗೆಯ ಮೇಲೆ ಸಾವಕಾರರು ಕನ್ನಡಕ ಏರಿಸಿ ಇತ್ತಲೇ ನೋಡುತ್ತಿದ್ದರು.

"ಎರಡs ಮಾತು ಚಾಚಿ. ಸಾಹೇಬ್ರು ಸ್ವತಃ ವಿಡಿಯೋ ನೋಡ್ಯಾರ. ಜಾಸ್ಮಿನಳ ತಂಡಕ್ಕ ಬೂಟು ಕೊಡ್ತೇನಿ ಅಂದಾರ. ನೀ ಲಿಂಬಿ ಆರಿಸಕೋತನ ಹೇಳು, ಕ್ಯಾಮೆರಾ ನೋಡಬ್ಯಾಡ. ಸಾಹೇಬ್ರು ನಮಗ ಅಣ್ಣ ಇದ್ದಂಗ, ಅವ್ರಿಗೆ ಯಾರ ಕಣ್ಣೂ ಬೀಳಬಾರ್ದು ಅಂತ ನಜರ್ ತಗದೆ ಅನ್ನು. ಇಷ್ಟs."

ಬಿಬಿಜಾನ ಕ್ಯಾಮೆರಾದವನ ಕಡೆ ತಿರುಗಿದಳು. "ತಮ್ಮಾ, ಆವತ್ತಿನ ಆಟ ನಿನ್ನ ಹತ್ರ ಐತೇನು? ಕಡೀಕಿನದು?"

"ಐತ್ರಿ ಅಕ್ಕಾರ. ಲೈವ್ ಪೂರಾ ಐತಿ."

"ಅದು ನೋಡೇನಿ. ಅದರಾಗ ಕೇಕ್ ಐತಿ. ಆಟ?"

ಅವನು ಶ್ರೀಶೈಲನ ಮುಖ ನೋಡಿದ. "ಇದ್ದದ್ದು ಒಂದs ಕ್ಯಾಮೆರಾರಿ. ಅದು ಸ್ಟೇಜ್ ಕಡೆ ಇತ್ತು."

"ಮತ್ತ ಆಕಿ ಬಿದ್ದದ್ದು ಎಲ್ಲೂ ಇಲ್ಲ?"

"ಎಲ್ಲೂ ಇಲ್ರಿ."

ಹೊನ್ನವ್ವನ ಕೈ ರಾಶಿಯ ಮೇಲೆ ನಿಂತಿತು. "ಕಂಬದ ಕಡೆ ಬಿದ್ಲಂತ ಹೌದೇನ ಬೀಬಿ? ಅಲ್ಲ, ಕೂತವ್ರು ಯಾಕ ಕೂತಿರ್ತಾರ ಅಂತೇನಿ ನಾ. ಅದs ತಿಳಿವಲ್ದು ನನಗ."

"ಯಾರರ ಬೆನ್ನ ಮುಟ್ಟಿ ಖೋ ಅನ್ನೂತನಾ ಕೂತಿರ್ತಾರ," ಎಂದಳು ಬಿಬಿಜಾನ.

"ಆಟ ಆಮ್ಯಾಲ ಚಾಚಿ," ಎಂದ ಶ್ರೀಶೈಲ. "ಬೆಳಕ ಚಲೋ ಐತಿ ಈಗ. ಹೇಳು. ಸಾಹೇಬ್ರು ನಮಗ ಅಣ್ಣ ಇದ್ದಂಗ..."

ಹಮಾಲ ಚೀಲದ ಬಾಯಿ ಬಿಚ್ಚಿ ಸುರುವಿದ. ಗುಡುಗುಡು ಎಂದು ಹಳದಿ ಇಳಿಯಿತು. ಈ ಹೊತ್ತಿಗೆ ಕಾಲೇಜಿನ ಮೈದಾನದಲ್ಲಿ ಹುಡುಗಿಯರು ಸಾಲು ಹಿಡಿದು ಕೂತಿರುತ್ತಾರೆ. ಮಾರುಕಟ್ಟೆಯ ಹಿಂದಿನ ದಾರಿ ಹಿಡಿದರೆ ಏನು ಮಹಾ ದೂರ. ಇಷ್ಟು ವರ್ಷ ಎಷ್ಟು ಹತ್ತಿರವಿತ್ತು ಅದು. ಗದ್ದುಗೆಯ ಮೇಲಿನ ಕನ್ನಡಕ ಅವಳ ಮೇಲೇ ಇತ್ತು.

ರಾಶಿಯ ನೆತ್ತಿಯಿಂದ ಹಣ್ಣುಗಳು ಇನ್ನೂ ಇಳಿಯುತ್ತಿದ್ದವು, ಟುಪ್, ಟುಪ್. ಬಿಬಿಜಾನ ಎದ್ದಳು. ಸೀರೆಯ ಧೂಳು ಕೊಡವಿಕೊಂಡಳು.

"ಹಾಂ, ನಿಂತs ಹೇಳು, ನಡೀತೈತಿ," ಎಂದ ಶ್ರೀಶೈಲ. "ಕೈಯಾಗ ಒಂದ ಲಿಂಬಿ ಹಿಡಕೊ. ಸಾಹೇಬ್ರು ನಮಗ... ಚಾಚಿ? ಈ ಕಡೆ ಅಲ್ಲ, ಬೆಳಕ ಆ ಕಡೆ ಐತಿ. ಚಾಚಿ, ಅಪ್ಪಾರು ನೋಡಾಕತ್ತಾರ. ಬೂಟಿನ ವಿಚಾರ ಏನ ಹೇಳ್ಲಿ ನಾ ಸಾಹೇಬ್ರಿಗೆ? ಏ ಚಾಚಿ, ಒಂದ ಮಾತು..."

ಅವಳು ಬುಟ್ಟಿಗಳನ್ನು ದಾಟಿ, ಲಾರಿಯನ್ನು ಸುತ್ತುಹಾಕಿ, ಹಿಂದಿನ ಬಾಗಿಲಿನಿಂದ ಹೊರಗೆ ನಡೆದಳು. ಏನು ಮಾಡಬೇಕೆಂದು ತಿಳಿಯದ ಆ ಯುವಕ ಕ್ಯಾಮೆರಾವನ್ನು ಅವಳ ಬೆನ್ನಿನ ಮೇಲೇ ಹಿಡಿದುಕೊಂಡು ನಿಂತಿದ್ದ.